ಮೈನಸ್ 14ರ ಕಥೆ: ಸ್ವಲ್ಪ ಸರಿ, ಜಾಸ್ತಿ ತಪ್ಪು

"ಹಾಡನ್ನು ಸರಿಯಾಗಿ ಮೈನಸ್ 14 ಲಫ್ಸ್‌ಗೇ ಮಾಸ್ಟರ್ ಮಾಡಬೇಕು, ಇಲ್ಲದಿದ್ದರೆ ಸ್ಪಾಟಿಫೈ ಅದನ್ನು ಕಂಪ್ರೆಸ್ ಮಾಡಿ ಹಾಳು ಮಾಡುತ್ತದೆ" ಅಂತ ಒಂದು ಮಾತು ಓಡಾಡುತ್ತಿದೆ. ಹಾಗೇನಿಲ್ಲ. (ಲಫ್ಸ್ ಅಂದರೆ ಹಾಡು ಒಟ್ಟಾರೆ ಎಷ್ಟು ಜೋರು ಅನ್ನೋ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಮಾಸ್ಟರ್ ಅಂದರೆ ಬಿಡುಗಡೆಗೆ ಸಿದ್ಧವಾದ ಹಾಡಿನ ಕೊನೆಯ ರೂಪ. ಕಂಪ್ರೆಸ್ ಅಂದರೆ ಜೋರು-ಮೆಲು ಸದ್ದಿನ ಅಂತರ ಕುಗ್ಗಿಸುವುದು.)

ಮೈನಸ್ 14 ಅನ್ನೋದು ಹಾಡು ಕೇಳಿಸುವಾಗ ಸ್ಪಾಟಿಫೈಯವರು ಇಟ್ಟುಕೊಂಡಿರುವ ಮಟ್ಟ, ನಿಮಗೆ ಹಾಕಿದ ನಿಯಮ ಅಲ್ಲ. ನಿಮ್ಮ ಮಾಸ್ಟರ್ ಮೈನಸ್ 8 ಇದ್ದರೆ ಇಡೀ ಹಾಡಿನ ವಾಲ್ಯೂಮ್ 6 ಡಿಬಿ ಇಳಿಯುತ್ತದೆ, ಅಷ್ಟೇ. ಮನೆಯಲ್ಲಿ ರೇಡಿಯೊ ಗುಂಡಿ ತಿರುಗಿಸಿದ ಹಾಗೆ, ಕಂಪ್ರೆಸರ್ ಗಿಂಪ್ರೆಸರ್ ಏನೂ ಹಾಕುವುದಿಲ್ಲ. ಕೇಳುವವರು ಸೆಟ್ಟಿಂಗ್ಸ್‌ನಲ್ಲಿ ಈ ವಾಲ್ಯೂಮ್ ಹೊಂದಾಣಿಕೆಯನ್ನು ಆಫ್ ಕೂಡ ಮಾಡಬಹುದು. ಆಪಲ್ ಮ್ಯೂಸಿಕ್‌ನ ಮಟ್ಟ ಮೈನಸ್ 16. ಅದಕ್ಕೊಂದು ಬೇರೆ ಮಾಸ್ಟರ್ ಮಾಡ್ತೀರಾ?

ನಾನೂ ಒಮ್ಮೆ ಇದನ್ನು ನಂಬಿ, ಮೈನಸ್ 17ರಲ್ಲಿ ಚೆನ್ನಾಗಿಯೇ ಇದ್ದ ಒಂದು ಭಾವಗೀತೆಯನ್ನು ಸುಮ್ನೆ ಲಿಮಿಟರ್‌ಗೆ (ಸದ್ದು ಒಂದು ಮಿತಿ ದಾಟದಂತೆ ಒತ್ತಿ ಹಿಡಿಯುವ ಸಾಧನ) ತಳ್ಳಿ 3 ಡಿಬಿ ಏರಿಸಿದೆ. ತಬಲಾದ 'ನಾ' ಪೆಟ್ಟಿನ ಚುರುಕೇ ಹೋಯಿತು, ಮೇಜು ತಟ್ಟಿದ ಹಾಗೆ ಕೇಳುತ್ತಿತ್ತು.

ನೋಡಬೇಕಾದ್ದು ಟ್ರೂ ಪೀಕ್, ಅಂದರೆ ಹಾಡಿನ ಸದ್ದು ನಿಜವಾಗಿ ಮುಟ್ಟುವ ಅತಿ ಎತ್ತರದ ತುದಿ. ಅದು ಮೈನಸ್ 1 ಡಿಬಿ ದಾಟದಿರಲಿ, ಜೋರಾದ ಮಾಸ್ಟರ್ ಆದರೆ ಮೈನಸ್ 2. ಸ್ಪಾಟಿಫೈ ಸಲಹೆಯೂ ಇದೇ. ಇಲ್ಲದಿದ್ದರೆ ಸ್ಟ್ರೀಮಿಂಗ್‌ಗೆ ಫೈಲ್ ಚಿಕ್ಕದು ಮಾಡುವಾಗ ಒಡಕು ಸದ್ದು ಸೇರಬಹುದು.