ಮೊದಲು ಪಕ್ಕೆ ನೋಡಿ

ಲ್ಯಾಪ್‌ಟಾಪ್ ತಗೊಳ್ಳುವಾಗ ಜನ ಪ್ರೊಸೆಸರ್ ನೋಡುತ್ತಾರೆ, ಸ್ಕ್ರೀನ್ ನೋಡುತ್ತಾರೆ, ಬಣ್ಣ ನೋಡುತ್ತಾರೆ. ನೆಟ್‌ವರ್ಕ್ ಕೆಲಸದವರು ಮಾತ್ರ ಎತ್ತಿ ಹಿಡಿದು ಪಕ್ಕೆ ನೋಡುತ್ತೇವೆ. ಎಡಪಕ್ಕೆ, ಬಲಪಕ್ಕೆ, ಆಮೇಲೆ ಬೆನ್ನು. ಹುಡುಕುವುದು ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಒಂದು ಚೌಕದ ತೂತು, ಆರ್‌ಜೆ-45. ಈಗಿನ ಲ್ಯಾಪ್‌ಟಾಪುಗಳು ಆ ತೂತಿಗಿಂತ ತೆಳ್ಳಗಾಗಿಬಿಟ್ಟಿವೆ. ಕೆಲವಕ್ಕೆ ಕೆಳದವಡೆ ಎಳೆದು ಬಾಯಿ ಬಿಡಿಸುವ ಪೋರ್ಟ್ ಇರುತ್ತೆ. ದಿನಾ ಎಳೆದರೆ ದವಡೆ ಎಷ್ಟು ದಿನ ತಡೆದೀತು, ಅಲ್ವಾ?

ಆಫೀಸಿನವರು ನನಗೆ ಕೊಟ್ಟಿದ್ದು ಬರೀ ಎರಡು ಟೈಪ್-ಸಿ ಪೋರ್ಟಿನ ಬಳುಕುವ ಸುಂದರಿ. ಮೀಟಿಂಗಿನಲ್ಲಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಒಂದು ರಾತ್ರಿ, ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ ಒಂದು ಕೈಕೊಟ್ಟಿತು. ನೆಟ್‌ವರ್ಕೇ ಸತ್ತಮೇಲೆ ಅದನ್ನು ಮಾತಾಡಿಸೋಕೆ ನೇರ ಅದಕ್ಕೇ ಸಿಕ್ಕಿಸುವ ಕನ್ಸೋಲ್ ಕೇಬಲ್ ಒಂದೇ ದಾರಿ. ಮಾಹಿತಿ ಸಾಗಿಸಲು ಅದು ನಂಬಿರುವ ಆರ್‌ಎಸ್-232 ಪದ್ಧತಿ ಹುಟ್ಟಿದ್ದು 1960ರಲ್ಲಿ. ಅಜ್ಜನ ಕಾಲದ ಆ ಒಂಬತ್ತು ಪಿನ್ನಿನ ಕೇಬಲ್ಲಿಗೆ ಯುಎಸ್‌ಬಿ ಅಡಾಪ್ಟರ್, ಆ ಅಡಾಪ್ಟರಿಗೆ ಟೈಪ್-ಸಿ ಮಾಡುವ ಇನ್ನೊಂದು ತುಂಡು. ಸರ್ವರ್ ರೂಮಿನಲ್ಲಿ ಮೇಜು ಇರುವುದಿಲ್ಲ, ಕುರ್ಚಿಯಂತೂ ಕೇಳಲೇಬೇಡಿ. ಎಡಗೈ ಮೇಲೆ ಲ್ಯಾಪ್‌ಟಾಪ್, ಬಲಗೈಯಲ್ಲಿ ಟೈಪಿಂಗ್, ಕೆಳಗೆ ಹಾವಿನ ಹಾಗೆ ತೂಗಾಡುವ ಈ ಸಾಲು. ಸ್ವಲ್ಪ ಅಲ್ಲಾಡಿದರೂ ಸಂಪರ್ಕ ಕಟ್. ಮೈ ನಡುಗಿಸುವ ಎಸಿ, ಕಿವಿ ತೂತಾಗುವ ಫ್ಯಾನ್ ಸದ್ದು ಬೇರೆ.

ಅಷ್ಟಾದರೂ ವಿಂಡೋಸ್ ಅಡಾಪ್ಟರನ್ನು ಒಪ್ಪಲಿಲ್ಲ. ಒಳಗಿನ ಚಿಪ್ ನಕಲಿಯಂತೆ, ಅಡಾಪ್ಟರ್ ನಡೆಸುವ ತಂತ್ರಾಂಶದ ಹೊಸ ಆವೃತ್ತಿ, ಅಂದರೆ ಹೊಸ ಡ್ರೈವರ್, ಅದನ್ನು ಕಂಡುಹಿಡಿದು ಮುಷ್ಕರ ಹೂಡಿತ್ತು. ಹಳೇ ಡ್ರೈವರ್ ಹಾಕಿದರೆ ಕೆಲವೊಮ್ಮೆ ನಡೆಯುತ್ತೆ. ಅದನ್ನು ಇಳಿಸಿಕೊಳ್ಳೋಕೆ ಇಂಟರ್ನೆಟ್ ಬೇಕು. ಇಂಟರ್ನೆಟ್ ಬರಬೇಕಾದ್ದು ಆ ಸತ್ತ ಸ್ವಿಚ್ಚಿನಿಂದ. ಫೋನಿನ ಹಾಟ್‌ಸ್ಪಾಟ್ ಹಾಕೋಣ ಅಂದರೆ ಒಳಗೆ ಸಿಗ್ನಲ್ಲೇ ಇಲ್ಲ. ಬಾಗಿಲಾಚೆ ಓಡಿ, ಇಳಿಸಿಕೊಂಡು, ವಾಪಸ್ ಓಡಿ ಬಂದೆ. ಈ ಸಲ ಸ್ಕ್ರೀನ್ ತುಂಬಾ ಚಿತ್ರಲಿಪಿ. ಕನ್ಸೋಲಿನಲ್ಲಿ ಎರಡೂ ಕಡೆಯ ವೇಗ ಒಂದೇ ಇರದಿದ್ದರೆ ಹೀಗಾಗುತ್ತೆ. ಯಾರೋ ಪುಣ್ಯಾತ್ಮರು ಸ್ವಿಚ್ಚಿನ ವೇಗವನ್ನು ಸೆಕೆಂಡಿಗೆ 9600 ಬಿಟ್‌ನಿಂದ 115200ಕ್ಕೆ ಏರಿಸಿ ಯಾರಿಗೂ ಹೇಳದೆ ಹೋಗಿದ್ದರು.

ಬೆಳಗ್ಗೆ ನನ್ನ ಮುಖ ನೋಡಿ ಮ್ಯಾನೇಜರ್, “ಈ ಸಲ ನೀವೇ ಆರಿಸಿಕೊಳ್ರೀ” ಅಂದರು.

ಅಂಗಡಿಯ ಹುಡುಗ ನೇರ ಗ್ರಾಫಿಕ್ಸ್ ಕಾರ್ಡಿಗೆ ಬಂದ. “ಗೇಮ್ ಸೂಪರಾಗಿ ಓಡುತ್ತೆ ಸಾರ್.” ನನಗೆ ಓಡಬೇಕಾದ್ದು ರೌಟರುಗಳಪ್ಪಾ, ನೆಟ್‌ವರ್ಕಿನಲ್ಲಿ ಮಾಹಿತಿಗೆ ದಾರಿ ತೋರಿಸುವವು, ಅಂದೆ. ಪ್ರಯೋಗ ಮಾಡಿ ನೋಡಲು ಲ್ಯಾಬ್ ಕಟ್ಟುವಾಗ ಲ್ಯಾಪ್‌ಟಾಪಿನೊಳಗೇ ವರ್ಚುವಲ್ ರೌಟರುಗಳನ್ನು, ಅಂದರೆ ಬರೀ ತಂತ್ರಾಂಶದ ರೌಟರುಗಳನ್ನು, ಎಬ್ಬಿಸುತ್ತೇವೆ. ಹೊಸ ತಳಿಯವು ಒಂದೊಂದೇ ಮೂರ್ನಾಲ್ಕು ಜಿಬಿ ರ‍್ಯಾಮ್ ನುಂಗುತ್ತವೆ. 16 ಜಿಬಿ ಇದ್ದರೆ ಹೇಗೋ ಸುಧಾರಿಸಬಹುದು, 32 ಇದ್ದರೆ ನೆಮ್ಮದಿ. ಮುಂದೆ ರ‍್ಯಾಮ್ ಜಾಸ್ತಿ ಮಾಡಿಕೊಳ್ಳಲು ಜಾಗ ಇರಬೇಕು, ಬೋರ್ಡಿಗೆ ಬೆಸುಗೆ ಹಾಕಿದ್ದರೆ ಮುಗಿಯಿತು ಕಥೆ. ಎಆರ್‌ಎಂ ಪ್ರೊಸೆಸರಿನವು ಬ್ಯಾಟರಿ ಚೆನ್ನಾಗಿ ಕೊಡುತ್ತವೆ, ಆದರೆ ಲ್ಯಾಬಿನ ರೌಟರ್ ಇಮೇಜುಗಳು, ಅಂದರೆ ಆ ತಂತ್ರಾಂಶದ ಫೈಲುಗಳು, ಹೆಚ್ಚಿನವು ಇಂಟೆಲ್, ಎಎಂಡಿಯವರ ಎಕ್ಸ್86 ಜಾತಿಯ ಪ್ರೊಸೆಸರಿಗೆ ಮಾಡಿದವು. ಇನ್ನು ಬಲಗಡೆ ಅಂಕಿಗಳ ಕೀಪ್ಯಾಡ್. ಇದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ದಿನವಿಡೀ 255.255.255.0 ಅಂತ ನೆಟ್‌ವರ್ಕಿನ ಅಂಕಿ ಕುಟ್ಟುವವರ ಬೆರಳನ್ನು ಕೇಳಿ ನೋಡಿ. ಪ್ರೊಸೆಸರಿಗಿಂತ ಇದೇ ಮೇಲು ಅಂತ ನನ್ನ ವಾದ.

ಕೊನೆಗೆ ಸಿಕ್ಕಿತು. ದಪ್ಪ, ಕಪ್ಪು, ತೂಕ ಜಾಸ್ತಿ, ಪಕ್ಕೆ ತುಂಬಾ ತೂತು. ಖುಷಿಯಿಂದ ಕನ್ಸೋಲ್ ಕೇಬಲ್ ಸಿಕ್ಕಿಸಿದೆ. “ಭದ್ರತಾ ಕಾರಣಕ್ಕಾಗಿ ಯುಎಸ್‌ಬಿ ಸಾಧನಗಳನ್ನು ತಡೆಹಿಡಿಯಲಾಗಿದೆ” ಅಂತು. ಆಫೀಸಿನ ಹೊಸ ನಿಯಮವಂತೆ. ಅನುಮತಿಗೆ ಟಿಕೆಟ್ ಹಾಕಿದೆ. ಅದು ಹೆಲ್ಪ್‌ಡೆಸ್ಕಿನಿಂದ ಭದ್ರತಾ ವಿಭಾಗಕ್ಕೆ, ಅಲ್ಲಿಂದ “ಇದು ನೆಟ್‌ವರ್ಕ್ ಸಮಸ್ಯೆ” ಅನ್ನೋ ಟಿಪ್ಪಣಿ ಹೊತ್ತುಕೊಂಡು ನನ್ನ ಹೆಸರಿಗೇ ಬಂದು ಕೂತಿದೆ. ಬೇಗ ಪರಿಹರಿಸಿ ಅಂತ ದಿನಾ ನೆನಪೋಲೆ ಬೇರೆ ಬರುತ್ತಿದೆ.