ಮಾವನ ಖಾಲಿ ಫೋಲ್ಡರುಗಳು

"ಸ್ವಲ್ಪ ಕಸ ತೆಗ್ದುಕೊಡೋ, ನಿಂಗೇನು, ಐದು ನಿಮಿಷದ ಕೆಲ್ಸ" ಎಂದು ಸೋದರಮಾವ ಮೊನ್ನೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಹಾರ್ಡ್ ಡಿಸ್ಕನ್ನು ನನ್ನ ಕೈಗಿತ್ತು ಊರಿನ ಬಸ್ಸು ಹತ್ತಿದರು. ಕಂಪ್ಯೂಟರ್ ಕೆಲಸದವರಿಗೆ ನೆಂಟರು ಹೇಳುವುದೆಲ್ಲ ಐದೇ ನಿಮಿಷದ ಕೆಲಸ. ನಿನ್ನೆ ರಾತ್ರಿ ಹನ್ನೊಂದೂವರೆಯಾದರೂ ನನ್ನ ಐದು ನಿಮಿಷ ಮುಗಿದಿರಲಿಲ್ಲ.

ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವರ ಪೈಕಿ ನಮ್ಮ ಮಾವ. ಕಂಪ್ಯೂಟರಿನಲ್ಲೂ ಅದೇ ಚಾಳಿ. ಫೋಟೋ ತೆಗೆಯುವುದು ಆಮೇಲೆ, ಮೊದಲು ಅದಕ್ಕೊಂದು ಜಾಗ. 'ನಾಮಕರಣ' ಎಂದೊಂದು ಫೋಲ್ಡರ್. ಅದರೊಳಗೆ 'ಫೋಟೋ'. ಅದರೊಳಗೆ 'ಒಳ್ಳೇ ಫೋಟೋ'. ಅದರೊಳಗೆ 'ಪ್ರಿಂಟ್ ಹಾಕ್ಸೋದು'. ಅದರೊಳಗೆ 'ನ್ಯೂ ಫೋಲ್ಡರ್', ಜೊತೆಗೆ ಅದರ ತಮ್ಮ 'ನ್ಯೂ ಫೋಲ್ಡರ್ 2'. ಅಷ್ಟೂ ದಾಟಿ ಹೋದರೆ ಒಳಗೆ ಏನೂ ಇಲ್ಲ. ನಾಮಕರಣದ ಮಗುವಿಗೆ ಈಗ ಮೀಸೆ ಬರುತ್ತಿದೆ. ನಮ್ಮ ಹಾಸನಾಂಬೆ ಗುಡಿಯ ಬಾಗಿಲು ತೆರೆಯುವುದೂ ವರ್ಷಕ್ಕೊಮ್ಮೆಯೇ, ಆಶ್ವಯುಜ ಹುಣ್ಣಿಮೆ ಕಳೆದ ಗುರುವಾರ. ಆದರೆ ಅಲ್ಲಿ ಹೋದ ವರ್ಷ ಹಚ್ಚಿಟ್ಟ ದೀಪ ಉರಿಯುತ್ತಲೇ ಇರುತ್ತದೆಂಬ ನಂಬಿಕೆಯಾದರೂ ಉಂಟು. ಮಾವನ ಐದು ಬಾಗಿಲು ತೆರೆದರೂ ಒಂದು ಬತ್ತಿ ಸಿಗುವುದಿಲ್ಲ.

ಇಂಥ ಖಾಲಿ ಫೋಲ್ಡರುಗಳನ್ನೆಲ್ಲ ಮೌಸ್ ಹಿಡಿದು ಅಳಿಸುತ್ತ ಕೂತರೆ ಮುಂದಿನ ದರ್ಶನವೇ ಬಂದೀತೆಂದು, ಕಮಾಂಡು ಟೈಪಿಸಿ ಕೆಲಸ ಮಾಡಿಸುವ ಲಿನಕ್ಸಿನ ಕಪ್ಪು ಪರದೆ ತೆರೆದೆ. ಅಲ್ಲಿ 'ಆರ್‌ಎಂಡಿರ್' ಎಂಬ ಸಾಧುಪ್ರಾಣಿಯಿದೆ, ಖಾಲಿ ಫೋಲ್ಡರ್ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಅದರಣ್ಣ 'ಆರ್‌ಎಂ ಮೈನಸ್ ಆರ್' ತುಂಬಿದ್ದೋ ಖಾಲಿಯೋ ನೋಡದೆ ಗುಡಿಸಿಬಿಡುವ ಆಸಾಮಿ. ಹೆಕ್ಕಿಕೊಳ್ಳೋಣವೆಂದರೆ ಕಸದ ಬುಟ್ಟಿಗೂ ಹಾಕುವುದಿಲ್ಲ. ಸಾಧುವನ್ನೇ ಕರೆದೆ. ಅದೋ, ಲಾಡ್ಜಿನವನ ಹಾಗೆ 'ಖಾಲಿ ಇಲ್ಲ' ಎಂದಿತು. 'ಎಲ್‌ಎಸ್' ಎಂಬ ಪಟ್ಟಿ ತೋರಿಸುವ ಕಮಾಂಡಿಗೆ, ಅಡಗಿದ್ದನ್ನೂ ತೋರಿಸೆಂದು 'ಮೈನಸ್ ಎ' ಸೇರಿಸಿ ಇಣುಕಿದರೆ ಮೂಲೆಯಲ್ಲಿ 'ಡಾಟ್ ಡಿಎಸ್ ಸ್ಟೋರ್' ಎಂಬ ಫೈಲು ಅವಿತಿದೆ. ಮಾವನ ಅಳಿಯ ಬೆಂಗಳೂರಿನಿಂದ ಬಂದಾಗ ಡಿಸ್ಕನ್ನು ತನ್ನ ಮ್ಯಾಕ್ ಕಂಪ್ಯೂಟರಿಗೆ ಚುಚ್ಚಿದ್ದನಂತೆ, ಈ ಫೈಲು ಅದು ಬಿಟ್ಟುಹೋದದ್ದು. ಅಳಿಯ ಬಂದುಹೋದ ಮನೆಯಲ್ಲಿ ಏನಾದರೊಂದು ಉಳಿದೇ ಇರುತ್ತದೆ ಬಿಡಿ.

ಆ ಫೈಲುಗಳನ್ನೆಲ್ಲ ತೆಗೆದು, ಹುಡುಕಿಕೊಡುವ 'ಫೈಂಡ್' ಕಮಾಂಡಿಗೆ ಕೈಹಾಕಿದೆ. '-ಟೈಪ್ ಡಿ' (ಫೋಲ್ಡರ್ ಮಾತ್ರ), '-ಎಂಪ್ಟಿ' (ಖಾಲಿ ಇದ್ದದ್ದು), ಕೊನೆಗೆ '-ಡಿಲೀಟ್' (ಅಳಿಸು) ಎಂದರೆ ಒಳಡಬ್ಬಿ ಮೊದಲು, ಹೊರಡಬ್ಬಿ ಆಮೇಲೆ ಎಂಬಂತೆ ಪೂರಾ ಸರಪಳಿ ಹೋಗುತ್ತದೆ. ಡಿಲೀಟ್ ಮಾತ್ರ ಕೊನೆಯಲ್ಲೇ ಇರಬೇಕು. ಮುಂದೆ ಬಂತೋ, ಮೊದಲು ಗಲ್ಲು, ಆಮೇಲೆ ವಿಚಾರಣೆ: ತುಂಬಿದ್ದೂ ಹೋಯಿತು. ನಿದ್ದೆಗಣ್ಣಲ್ಲಿ ನಾನು ಹೊಡೆದದ್ದು ಹಾಗೆಯೇ. ಬೆರಳು ಎಂಟರ್ ಮೇಲಿತ್ತು. ಫೋನು ಬಡಿದುಕೊಂಡಿತು.

"ಆಯ್ತೇನ್ಲಾ?"

ಸಂಜೆಯಿಂದ ಏಳನೇ ಸಲ. "ಆಗ್ತಾ ಇದೆ ಮಾವ" ಎಂದು ಹಲ್ಲು ಕಡಿದು ಪರದೆಗೆ ತಿರುಗಿದರೆ, ಡಿಲೀಟ್ ಎಲ್ಲರಿಗಿಂತ ಮುಂದೆ ನಿಂತಿದೆ! ಬೆವರಿಬಿಟ್ಟೆ. ಮಾವನ ಫೋಟೋ ಉಳಿಸಿದ್ದು ಮಾವನ ಪೀಡನೆಯೇ.

ಬುದ್ಧಿ ಬಂದು ಡಿಲೀಟ್ ಜಾಗದಲ್ಲಿ 'ಪ್ರಿಂಟ್' ಹಾಕಿ ಮೊದಲು ಪಟ್ಟಿ ತೆಗೆಸಿದೆ. ಓದುತ್ತ ಹೋದಂತೆ 'ಈ ಸಲ ಆಲೂಗಡ್ಡೆ' ಬಂತು. ಅದರೊಳಗೆ ಎರಡು ಫೋಲ್ಡರ್. 'ಬಿತ್ತನೆ'ಯಲ್ಲಿ ಫೋಟೋಗಳಿವೆ: ಎಪಿಎಂಸಿ ಅಂಗಳದಲ್ಲಿ ಜಲಂಧರದಿಂದ ಬಂದ ಬಿತ್ತನೆ ಗಡ್ಡೆಯ ಚೀಲಕ್ಕೆ ಒರಗಿ, ಇಸ್ತ್ರಿ ಅಂಗಿಯಲ್ಲಿ ನಗುವ ಮಾವ. 'ಗಡ್ಡೆ ಕಿತ್ತಿದ್ದು' ಖಾಲಿ. ಆ ಸಲ ಅಂಗಮಾರಿ ಬಿದ್ದು ವಾರದೊಳಗೆ ಹೊಲವಿಡೀ ಕಪ್ಪಾಗಿತ್ತು. ಫೋಟೋ ತೆಗೆಯಲು ಯಾರಿಗೂ ಕೈ ಬಂದಿರಲಿಲ್ಲ.

ಅದನ್ನೊಂದು ಅಳಿಸಲಾಗಲಿಲ್ಲ. ಫೈಂಡ್‌ಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಒಂದು ಫೈಲಿದ್ದರೆ ಸಾಕು, ಫೋಲ್ಡರನ್ನು ಅದು ಮುಟ್ಟುವುದಿಲ್ಲ. ಖಾಲಿ ಫೈಲು ಹುಟ್ಟಿಸುವ 'ಟಚ್' ಹೊಡೆದು 'ಇರಲಿ' ಎಂಬ ಹೆಸರಿನ ಫೈಲೊಂದನ್ನು ಅದರೊಳಗಿಟ್ಟೆ. ಮಿಕ್ಕವನ್ನೆಲ್ಲ ಗುಡಿಸಿ, ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಡಿಸ್ಕನ್ನು ಊರಿಗೆ ಕಳಿಸಿದೆ.

ಈಗಷ್ಟೇ ಫೋನು ಬಂತು.

"ಅದೇನ್ಲಾ, ಆಲೂಗಡ್ಡೆವೊಳ್ಗೆ 'ಇರಲಿ' ಅಂತ ಏನೋ ಸೇರ್ಕಂಡೈತೆ, ಒತ್ತುದ್ರೆ ಬರೀ ಬಿಳೀದು? ಕಸ ತೆಗಿ ಅಂದ್ರೆ ನೀನೇ ಹಾಕಿದೀಯಲ್ಲೋ!"