ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಕಟ್ಟುವ ಮೊದಲು ನಿಮ್ಮ ಸೆಂಟ್ ಫೋಲ್ಡರ್ ತೆಗೆಯಿರಿ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಇರಲಿ, ಎಸ್ಟೇಟ್ ಆಫೀಸಿರಲಿ, ಹಾಸನದ ಫ್ಯಾಕ್ಟರಿಯ ಸ್ಟೋರ್ಸ್ ಇರಲಿ, ಮೇಲ್ ಬರೆಯೋದು ಅಂದ ಕೂಡಲೇ ಬರುವ ಮಾತು ಒಂದೇ: "ನಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೇ ಸಾರ್." ಆದರೆ ವ್ಯಾಕರಣ ತಪ್ಪಿದ ಮೇಲ್‌ಗೂ ಪೇಮೆಂಟ್ ಬರುತ್ತದೆ. ಬಿಲ್ ನಂಬರೇ ಇಲ್ಲದ ಮೇಲ್‌ಗೆ "ಯಾವ ಬಿಲ್ಲು?" ಅನ್ನೋ ಪ್ರಶ್ನೆ ಬರುತ್ತದೆ, ಅದೂ ಮೂರು ದಿನ ಬಿಟ್ಟು.

ಹಾಗಾಗಿ ಮೊದಲು ಕಳಿಸಿರುವ ಕೊನೆಯ 20 ಮೇಲ್ ತೆಗೆದು ನೋಡಿ. ಎಷ್ಟಕ್ಕೆ ಆ ಕಡೆಯವರು ಮರುಪ್ರಶ್ನೆ ಕೇಳಿದ್ದಾರೆ, ಏನು ಕೇಳಿದ್ದಾರೆ ಅಂತ ಒಂದು ಹಾಳೆಯಲ್ಲಿ ಗುರುತು ಹಾಕಿ. ಯಾವ ತಾರೀಖು? ಎಷ್ಟು ಮೂಟೆ? ಯಾರು ಮಾಡಬೇಕು? ಹೆಚ್ಚಿನವರಿಗೆ ಎರಡು ಮೂರು ಪ್ರಶ್ನೆಗಳೇ ತಿರುಗಿ ತಿರುಗಿ ಬಂದಿರುತ್ತವೆ. ತಿದ್ದಿಕೊಳ್ಳಬೇಕಾದ್ದು ಅಷ್ಟೇ.

ನಮ್ಮ ಕಡೆ ಅತಿ ಹೆಚ್ಚು ಎಡವಟ್ಟಾಗುವುದು ಅಳತೆಯಲ್ಲಿ. ಕಾಫಿ ಬೆಳೆಗಾರರ ಲೆಕ್ಕದಲ್ಲಿ ಒಂದು ಮೂಟೆ ಅಂದರೆ 50 ಕೆಜಿ. ರಫ್ತಿನ ಲೆಕ್ಕದಲ್ಲಿ 60 ಕೆಜಿ. "320 ಬ್ಯಾಗ್" ಅಂತ ಮಾತ್ರ ಬರೆದರೆ ಒಬ್ಬರಿಗೆ ಅದು 16,000 ಕೆಜಿ, ಇನ್ನೊಬ್ಬರಿಗೆ 19,200 ಕೆಜಿ. ನಡುವೆ 3,200 ಕೆಜಿ ಜಗಳ. "320 ಬ್ಯಾಗ್ × 60 ಕೆಜಿ = 19,200 ಕೆಜಿ" ಅಂತ ಬರೆಯಲು ಹತ್ತು ಸೆಕೆಂಡೂ ಬೇಡ. ರೋಬಸ್ಟಾ ಚೆರಿಯ (ಹಣ್ಣನ್ನು ಸಿಪ್ಪೆಸಮೇತ ಒಣಗಿಸಿದ ಕಾಫಿ) ರೇಟೂ ಹೀಗೇ: ಮೂಟೆಗೋ, ಔಟ್‌ಟರ್ನ್ ಪಾಯಿಂಟಿಗೋ? ಪಾಯಿಂಟಿಗಾದರೆ ಎಷ್ಟು ಓಟಿ, ಅಂದರೆ ಔಟ್‌ಟರ್ನ್? 50 ಕೆಜಿ ಚೆರಿಯಿಂದ ಸಿಪ್ಪೆ ತೆಗೆದ 26 ಕೆಜಿ ಬೇಳೆ ಬಂದರೆ 26 ಓಟಿ. ಮೂಟೆಯ ಬೆಲೆ ಅಂದರೆ ಪಾಯಿಂಟ್ ರೇಟನ್ನು 26ರಿಂದ ಗುಣಿಸಿದ್ದು. ಇದರ ಜೊತೆ ತೇವಾಂಶ ಎಷ್ಟು, ಲಾರಿ ಬಾಡಿಗೆ ಯಾರದ್ದು, ರೇಟು ಯಾವತ್ತಿನವರೆಗೆ ಅನ್ನುವುದೂ ಇರಬೇಕು. ಇವಿಲ್ಲದ ಆಫರ್ ಬರೀ ಹರಟೆ.

ಹೊರದೇಶಕ್ಕೆ ಬರೆಯುವವರು ತಾರೀಖಿನ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 05/06 ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ಲಕ್ಷದ ಲೆಕ್ಕವೂ ಅವರಿಗೆ ಅರ್ಥವಾಗದು. 12,50,000 ಅನ್ನು 1,250,000 ಅಂತಲೇ ಬರೆಯಬೇಕು.

ಬಾಕಿ ಕೇಳುವ ಮೇಲ್‌ನಲ್ಲಿ ನಾವು ಸಂಕೋಚಕ್ಕೆ ಬಿದ್ದು ಸುತ್ತಿ ಬಳಸಿ ಬರೆಯುತ್ತೇವೆ. ಮೂರು ಸಾಲು ಸಾಕು: "ನಮ್ಮ ಬಿಲ್ 118, 12 ಜೂನ್ 2025, ₹86,400. ಒಪ್ಪಿಕೊಂಡ 30 ದಿನ ಜುಲೈ 12ಕ್ಕೆ ಮುಗಿದಿದೆ. ಜುಲೈ 21, ಸೋಮವಾರದೊಳಗೆ ಪಾವತಿಸಿ ಯುಟಿಆರ್ ನಂಬರ್ ತಿಳಿಸಿ." (ಯುಟಿಆರ್ ಅಂದರೆ ಬ್ಯಾಂಕ್ ವರ್ಗಾವಣೆಯ ಗುರುತಿನ ನಂಬರ್.) ಇದರಲ್ಲಿ ಒರಟುತನ ಎಲ್ಲಿದೆ? ಬಿಲ್ಲಿನ ಪ್ರತಿಯನ್ನು ಮತ್ತೆ ಲಗತ್ತಿಸಿ. ಹಳೇ ಮೇಲ್ ಹುಡುಕುವ ಕೆಲಸ ಅವರಿಗೆ ಕೊಡಬೇಡಿ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಇರುವ ಸಣ್ಣ ತಯಾರಕರಾದರೆ ಆ ನಂಬರನ್ನೂ ಬರೆಯಿರಿ. ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಗಡುವು 45 ದಿನ ಮೀರುವಂತಿಲ್ಲ. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಲೆಕ್ಕದ ಚಕ್ರಬಡ್ಡಿ. ಮೊದಲ ಮೇಲ್‌ನಲ್ಲೇ ಕಾಯ್ದೆ ತೋರಿಸಿ ಸಂಬಂಧ ಕೆಡಿಸಿಕೊಳ್ಳಬೇಡಿ, ಎರಡನೆಯದಕ್ಕೆ ಇಟ್ಟುಕೊಳ್ಳಿ.

"ಟು" ಸಾಲಿನಲ್ಲಿ ಕೆಲಸ ಮಾಡಬೇಕಾದವರು ಮಾತ್ರ ಇರಲಿ. ನಾಲ್ಕು ಜನರನ್ನು ಹಾಕಿದರೆ ನಾಲ್ವರೂ ಇನ್ನೊಬ್ಬರು ನೋಡ್ಕೊಳ್ತಾರೆ ಅಂತ ಸುಮ್ಮನಿರುತ್ತಾರೆ. ಫೋನಿನಲ್ಲಿ ರೇಟು ಮಾತಾಡಿದ್ದರೆ ಅದೇ ದಿನ ವಾಟ್ಸಾಪ್‌ನಲ್ಲಾದರೂ ಬರೆದು "ಸರಿ ಇದೆಯಾ?" ಅಂತ ಉತ್ತರ ಪಡೆಯಿರಿ. ವಾಯ್ಸ್ ನೋಟ್ ಬೇಡ, ಆಮೇಲೆ ಹುಡುಕಲು ಸಿಗುವುದಿಲ್ಲ. ಈಗ ಎಐ ಕೈಯಲ್ಲಿ ಮೇಲ್ ಬರೆಸುವವರಿಗೂ ಒಂದು ಮಾತು: ಅದು "ಹೋಪ್ ದಿಸ್ ಇಮೇಲ್ ಫೈಂಡ್ಸ್ ಯು ವೆಲ್" ಅಂತ ಚೆಂದವಾಗಿ ಶುರು ಮಾಡುತ್ತದೆ, ಬಿಲ್ ನಂಬರು ಮಾತ್ರ ನೀವೇ ಕೊಡಬೇಕು.

ಇನ್ನು ಕನ್ನಡದ ಪತ್ರಗಳು. ಜೀವ ಇರುವುದು ವಿಷಯದ ಸಾಲಿನಲ್ಲಿ, ಅಲ್ಲೇ ನಾವು ಸೋಲುತ್ತೇವೆ. "ವಿಷಯ: ವಿದ್ಯುತ್ ಸಂಪರ್ಕದ ಬಗ್ಗೆ" ಅಂದರೆ ಅದು ಯಾವ ಟೇಬಲ್‌ಗೆ ಹೋಗಬೇಕು? "ಪಂಪ್‌ಸೆಟ್‌ನ ಮಂಜೂರಾದ ಲೋಡ್ 5 ಎಚ್‌ಪಿಯಿಂದ 7.5 ಎಚ್‌ಪಿಗೆ ಹೆಚ್ಚಿಸಲು ಕೋರಿಕೆ" ಅಂತ ಬರೆದು ಕರೆಂಟ್ ಬಿಲ್ಲಿನಲ್ಲಿರುವ ಆರ್.ಆರ್. ನಂಬರ್ ಸೇರಿಸಿ. (ವಿದ್ಯುತ್ ಕಂಪನಿ ಚಿಕ್ಕಮಗಳೂರಿಗೆ ಮೆಸ್ಕಾಂ, ಹಾಸನಕ್ಕೆ ಸೆಸ್ಕ್, ಗಡಿಯ ತೋಟದವರು ಹಳೇ ಪತ್ರ ಕಾಪಿ ಮಾಡುವಾಗ ವಿಳಾಸ ಬದಲಿಸಲು ಮರೆಯುತ್ತಾರೆ.) ಹಿಂದೆ ಬರೆದ ಪತ್ರವಿದ್ದರೆ ಅದರ ತಾರೀಖು "ಉಲ್ಲೇಖ"ದಲ್ಲಿರಲಿ, ಲಗತ್ತಿಸಿದ ಕಾಗದಗಳು ಕ್ರಮಸಂಖ್ಯೆಯೊಂದಿಗೆ "ಅಡಕ"ದಲ್ಲಿರಲಿ. "ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಅನ್ನುವುದು ಇಲ್ಲದಿದ್ದರೂ ಯಾರೂ ಪತ್ರ ವಾಪಸ್ ಕಳಿಸುವುದಿಲ್ಲ.

ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಹಾಗೇ ಮೇಲ್ ಮಾಡಬೇಡಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಗೊಂದಲದ ಅಕ್ಷರಗಳು ಕಾಣುತ್ತವೆ. ಯೂನಿಕೋಡ್‌ನಲ್ಲಿ ಬರೆಯಿರಿ ಅಥವಾ ಪಿಡಿಎಫ್ ಮಾಡಿ. ಖುದ್ದಾಗಿ ಕೊಡುವುದಾದರೆ ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಟಪಾಲು ವಿಭಾಗದ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೇ ಹೊರಡಿ. ಮುಂದಿನ ಪತ್ರದ ಉಲ್ಲೇಖಕ್ಕೆ ಆ ನಂಬರ್ ಬೇಕಾಗುತ್ತದೆ.